ಕ್ಯಾಪ್ಟನ್ ಸಾಹೇಬರ ಅಪ್ಪಣೆ

ನಮ್ಮ ಮಾಜಿ ಸೈನಿಕರ ಕೂಟದಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ ತೀರಿಕೊಂಡವರ ಹೆಸರು ಓದಿದ ಮೇಲೆ, ಕ್ಯಾಪ್ಟನ್ ಸಾಹೇಬರು "ಇನ್ನು ಹೊರಡಿ" ಎಂದು ಅಪ್ಪಣೆ ಕೊಡುವವರೆಗೆ ಯಾರೂ ಏಳುವಂತಿರಲಿಲ್ಲ. ಈ ವರ್ಷ ಅವರೂ ದೇವರ ಪಾದ ಸೇರಿದರು. ಉಳಿದವನು ಪಡೆಯ ಅಡುಗೆಯವನಾಗಿದ್ದ ನಾನೊಬ್ಬನೇ.

ಮಟಮಟ ಮಧ್ಯಾಹ್ನ, ಕೂಟದ ಕೋಣೆಯಲ್ಲಿ ಮೇಜಿನ ಸುತ್ತಲಿನ ಖಾಲಿ ಕುರ್ಚಿಗಳೆದುರು ನಿಂತು ಹದಿನೆಂಟು ಹೆಸರು ಓದಿದೆ. ಕಣ್ಣೊರೆಸಿಕೊಂಡು ಬಂದರೆ ಬಾಗಿಲು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಹಿಡಿಕೆ ಕೈ ಕೊರೆಯುವಷ್ಟು ತಣ್ಣಗಿತ್ತು.

"ಮಾವ, ಚಿಲಕ ಹಾಕ್ಕೊಂಡು ಒಳಗೇನ್ಮಾಡ್ತಿದ್ದೀರಿ?" ನನ್ನನ್ನು ಕರೆದೊಯ್ಯಲು ಬಂದಿದ್ದ ಸೊಸೆ ಹೊರಗಿನಿಂದ ಕೂಗಿದಳು.

"ಚಿಲಕ ಹಾಕಿಲ್ಲಮ್ಮ, ತಳ್ಳು!"

ಅವಳು ತಳ್ಳಿದಳು, ನಾನು ಎಳೆದೆ. ಬೆನ್ನ ಹಿಂದೆ ಬೂಟ್ ಪಾಲಿಶಿನ ವಾಸನೆ ಬಂತು. ಯಾರೋ ಕೆಮ್ಮನ್ನು ತಡೆದುಕೊಂಡರು. ಆಗ ಹೊಳೆಯಿತು, ಅಪ್ಪಣೆಯಾಗಿರಲಿಲ್ಲ.

ಜೀವಮಾನದಲ್ಲಿ ಯಾರಿಗೂ ಆಜ್ಞೆ ಮಾಡದ ನಾನು ದೇವರನ್ನು ನೆನೆದು, "ಇನ್ನು ಹೊರಡಿ, ಅಣ್ಣಂದಿರಾ" ಎಂದೆ. ಕುರ್ಚಿಗಳು ಸರಿದ ಸದ್ದಾಯಿತು. ಬಾಗಿಲು ತಾನಾಗಿ ತೆರೆಯಿತು.

ಹೊರಗೆ ನಿಂತು ತಿರುಗಿ ನೋಡಿದೆ. ಹದಿನೇಳು ಕುರ್ಚಿಗಳು ಹಿಂದಕ್ಕೆ ಸರಿದಿದ್ದವು. ಸಾಹೇಬರದು ಮಾತ್ರ ಇದ್ದಲ್ಲೇ ಇತ್ತು. ಅಡುಗೆಯವನ ಮಾತಿಗೆ ಅವರು ಎಂದಾದರೂ ಎದ್ದದ್ದುಂಟೇ?

ಕೀಲಿಕೈ ನನ್ನ ಬಳಿಯೇ ಇದೆ. ಆ ಬಾಗಿಲಿಗೆ ನಾನಿನ್ನೂ ಬೀಗ ಹಾಕಿಲ್ಲ.