ಕೌದಿಯ ಮೂಲೆಯಲ್ಲಿಟ್ಟ ಕಲ್ಲು

ಸೂಜಿಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಒಂಬತ್ತು ಗುಡ್ಡಗಳ ನಡುವೆ ಬೆಳ್ಳಿಗುಂದ ಎಂಬ ರಾಜ್ಯವಿತ್ತು. ಅಲ್ಲಿ ಕಳ್ಳರ ಭಯವಿರಲಿಲ್ಲ, ಹುಲಿಯ ಭಯವಿರಲಿಲ್ಲ. ಇದ್ದದ್ದು ಹಿಮಕಂಠನೆಂಬ ಮಾಂತ್ರಿಕನ ಭಯವೊಂದೇ. ಮಾಗಿ ಬಂತೆಂದರೆ ಅವನು ಗುಡ್ಡ ಇಳಿದು ಬರುತ್ತಿದ್ದ. ಅವನ ಉಸಿರು ತಾಗಿದವರು ಮಂಜುಗಟ್ಟುತ್ತಿದ್ದರು. ಆದರೆ ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಮಾತ್ರ ಅವನು ಮುಟ್ಟುವಂತಿರಲಿಲ್ಲ. ಅದಕ್ಕೇ ಹೆಂಗಸರು ಹಳೆಯ ಸೀರೆ, ಧೋತರ ಕೂಡಿಸಿ ಬೀಗರಿಗೆ, ಗೆಳತಿಯರಿಗೆ ಕೌದಿ ಹೊಲಿದು ಕೊಡುತ್ತಿದ್ದರು. ಕೊನೆಯ ಮೂಲೆಯನ್ನು ತೆರೆದಿಟ್ಟು, ಒಳಗೆ ಹೋಳಿಗೆಯ ಚೂರು ಹಾಕಿ, "ಹೊಟ್ಟಿ ತುಂಬಿತಿಲ್ಲೋ?" ಎಂದು ಕೇಳಿ, ಆಮೇಲೆ ಹೊಲಿದು ಮುಚ್ಚುವುದು ಪದ್ಧತಿ.

ಆ ರಾಜ್ಯದ ಒಂದು ಮನೆಯಲ್ಲಿ ಇಬ್ಬರು ಸೊಸೆಯರು. ಹಿರಿಯವಳು ದುಂಡವ್ವ, ಕಿರಿಯವಳು ಹೂವಕ್ಕ. ದುಂಡವ್ವನ ಹೊಲಿಗೆ ಇರುವೆ ಸಾಲಿನಷ್ಟು ನೆಟ್ಟಗೆ. ಹೂವಕ್ಕನದು ಸೊಟ್ಟಂಬಟ್ಟ. ಆದರೂ ಊರವರು ಕೇಳಿಕೊಂಡು ಬರುತ್ತಿದ್ದದ್ದು ಹೂವಕ್ಕನ ಕೌದಿಯನ್ನೇ. ಅವಳು ಹೊಲಿದ ಬಟ್ಟೆಯ ಗಿಳಿಗಳು ಬೆಳಗಾದರೆ ಹೊದ್ದವರ ಹೆಸರು ಹಿಡಿದು ಕೂಗುತ್ತಿದ್ದವು. ದುಂಡವ್ವ ಹೊಲಿದ ಗಿಳಿಗಳು ನೋಡಲು ಚೆಂದ, ಅಷ್ಟೇ. ಬಾಯಿ ಬಿಡುತ್ತಿರಲಿಲ್ಲ.

ಹೀಗಿರುವಾಗ ರಾಣಿಗೆ ಗಂಡುಮಗು ಹುಟ್ಟಿತು. ಕೂಸಿಗೆ ಕೌದಿ ಹೊಲಿಸಲೆಂದು ಅರಮನೆಯಿಂದ ಪಲ್ಲಕ್ಕಿ ಬಂತು. ಹೊಸ ಸೀರೆಯುಟ್ಟು ದುಂಡವ್ವ ಹೊಸ್ತಿಲಿಗೆ ಬಂದಳು. ದೂತ ಅವಳನ್ನು ದಾಟಿ ಒಳಗೆ ಇಣುಕಿ, "ಹೂವಕ್ಕ ಇದ್ದಾರೇನ್ರೀ?" ಅಂದ.

ದುಂಡವ್ವನಿಗೆ ಆ ದಿನ ಅನ್ನ ಸೇರಲಿಲ್ಲ. ಹೊಟ್ಟೆಕಿಚ್ಚು ಅಂದರೆ ಅದು!

ಮೊದಲು ಅವಳು ಹೂವಕ್ಕನ ಸೂಜಿ ಕದ್ದಳು. ಸೂಜಿ ಬೈಯತೊಡಗಿದಾಗ, ಬಾಯಿ ಮುಚ್ಚಿಸಲು ಅದನ್ನು ಬದನೆಕಾಯಿಗೆ ಚುಚ್ಚಿಟ್ಟಳು. ಹೂವಕ್ಕ ಜಾಲಿಮುಳ್ಳಿನ ಬುಡಕ್ಕೆ ದಾರ ಕಟ್ಟಿ ಹೊಲಿದಳು. ದುಂಡವ್ವ ದಾರದ ಉಂಡೆಗಳನ್ನು ಒಲೆಗೆ ಹಾಕಿದಳು. ಹೂವಕ್ಕ ತನ್ನ ಮದುವೆಯ ಸೀರೆಯ ಎಳೆ ಬಿಡಿಸಿ ಹೊಲಿದಳು. ಕೌದಿ ಇನ್ನಷ್ಟು ಚೆಂದವಾಯಿತು. ಮೂರನೆಯ ಸಲ ದುಂಡವ್ವ ನೇರವಾಗಿ ಹಿಮಕಂಠನ ಗವಿಗೆ ಹೋದಳು.

"ಅಕಿ ಹೆಸರು ಕೆಡಬೇಕು," ಅಂದಳು.

ಮಾಂತ್ರಿಕ ಒಂದು ಬಿಳಿಯ ಹರಳು ಕೊಟ್ಟ. "ಹೋಳಿಗಿ ತಗದು ಇದನ್ನ ಇಡು. ಕೂಸು ಒಂದೆರಡು ಸೀನು ಸೀನತೈತಿ, ಅಷ್ಟ."

ದುಂಡವ್ವ ನಂಬಿದಳು. ನಂಬಬೇಕೆಂದೇ ನಂಬಿದಳು. ಹೂವಕ್ಕ ನೀರಿಗೆ ಹೋದಾಗ ಹೋಳಿಗೆ ತೆಗೆದು ಹರಳು ತುರುಕಿದಳು. ಹೂವಕ್ಕ ಬಂದು, ನೋಡದೆ ಮೂಲೆ ಮುಚ್ಚಿದಳು.

ಅರಮನೆಯಲ್ಲಿ ಕೂಸಿಗೆ ಕೌದಿ ಹೊದಿಸಿದ ಗಳಿಗೆಯಲ್ಲೇ ಹರಳಿನೊಳಗಿಂದ ಹಿಮಕಂಠ ಹೊಗೆಯಾಗಿ ಎದ್ದ. ರಾಜಕುಮಾರ ನೀಲಿಗಟ್ಟಿದ. ಅಳು ಗಂಟಲಲ್ಲೇ ನಿಂತಿತು. ಹೂವಕ್ಕನ ಕೈಗೆ ಹಗ್ಗ ಬಿತ್ತು. ಹೊತ್ತು ಮುಳುಗುವುದರೊಳಗೆ ಅವಳನ್ನು ಗುಡ್ಡದಾಚೆ ಅಟ್ಟಬೇಕೆಂದು ರಾಜ ಅಪ್ಪಣೆ ಮಾಡಿದ. ಪಲ್ಲಕ್ಕಿ ಈಗ ದುಂಡವ್ವನಿಗೆ ಬಂತು. ಜನ ದಾರಿ ಬಿಟ್ಟರು. ರಾಣಿ ಅವಳ ಕೈ ಹಿಡಿದು, "ನೀನ ಗತಿ, ತಾಯಿ," ಅಂದಳು. ಇಷ್ಟು ದಿನ ಬಯಸಿದ್ದು ಅದನ್ನೇ. ಆದರೆ ತೊಟ್ಟಿಲಲ್ಲಿದ್ದ ಮಗುವಿನ ಬೆರಳು ನೋಡಿದ ಮೇಲೆ ಆ ಮಾತು ಅವಳಿಗೆ ಸಿಹಿಯೆನಿಸಲಿಲ್ಲ.

ಆಗ ಕೈಗೆ ಹಗ್ಗ ಬಿಗಿದು ಅಲ್ಲೇ ನಿಲ್ಲಿಸಿದ್ದ ಹೂವಕ್ಕ ಅಂದಳು: "ಯಕ್ಕಾ, ಆ ಮೂಲಿ ಬಿಚ್ಚಿ ನೋಡು. ಹೋಳಿಗಿ ಇಟ್ಟಿದ್ದೆ ಅಂತ ಅನ್ಕೊಂಡೀನಿ. ಮರ್ತಿದ್ರ ತಪ್ಪು ನಂದ. ನಿನ್ನ ಕೈ ನೆಟ್ಟಗೈತಿ, ಕೂಸನ್ನ ಉಳಸು."

ದುಂಡವ್ವ ಮೂಲೆ ಬಿಚ್ಚಿದಳು. ಹರಳು ಅಂಗೈಗೆ ಬಿತ್ತು. "ಹೂವಕ್ಕನೇ ಇಟ್ಟದ್ದು" ಎಂದರೆ ಸಾಕಿತ್ತು, ಎಲ್ಲರೂ ನಂಬುತ್ತಿದ್ದರು.

"ಇಟ್ಟಾಕಿ ನಾನು," ಅಂದಳು ದುಂಡವ್ವ. "ಎಲ್ಲಾರೂ ಇಕಿನ್ನ ಕೇಳ್ತಿದ್ರಿ. ನನ್ನ ಒಬ್ಬರೂ ಕೇಳ್ಲಿಲ್ಲ. ನನಗ ಸಹಿಸಾಕ ಆಗ್ಲಿಲ್ಲ."

ತೊಟ್ಟಿಲ ಮೇಲೆ ಸುಳಿಯುತ್ತಿದ್ದ ಹೊಗೆಯೊಳಗಿಂದ ಹಿಮಕಂಠ ಬೊಬ್ಬೆ ಹಾಕಿದ: "ತಿರುಗಿ ಇಡು! ಇಲ್ಲಾಂದ್ರ ನಿನ್ನ ಕೈ ಮಂಜಾಗತೈತಿ!"

ದುಂಡವ್ವ ಮುಷ್ಟಿ ಬಿಗಿದಳು. ಮೊಣಕೈವರೆಗೂ ಮಂಜೇರಿತು. ಅವಳು ಹಲ್ಲುಕಚ್ಚಿ ನಿಂತಳು, ಕಣ್ಣೀರು ಮುಷ್ಟಿಯ ಮೇಲೆ ಸುರಿಯಿತು. ಇಟ್ಟ ಕೈಯೇ ಹಿಡಿದು ನಿಂತರೆ ಆ ಹರಳು ಉಳಿಯದು; ಮಾಂತ್ರಿಕ ಹೇಳದೆ ಮುಚ್ಚಿಟ್ಟ ಗುಟ್ಟು ಅದೇ. ಹರಳು ಕರಗಿತು. ಹಿಮಕಂಠನೂ ಕರಗಿ ನೆಲದ ಮೇಲೆ ಒಂದು ಬೊಗಸೆ ನೀರಾದ. ರಾಜಕುಮಾರ ಕಿಟಾರನೆ ಕಿರುಚಿಕೊಂಡು ಅತ್ತ. ಅಷ್ಟು ಇಂಪಾದ ಅಳುವನ್ನು ಅರಮನೆ ಎಂದೂ ಕೇಳಿರಲಿಲ್ಲ.

ರಾಜ ದುಂಡವ್ವನಿಗೆ ಶಿಕ್ಷೆ ಕೊಡಲು ಹೊರಟ. ಹಗ್ಗ ಬಿಚ್ಚಿಸಿಕೊಂಡ ಹೂವಕ್ಕ ಅಡ್ಡ ಬಂದು, "ಬಿಡ್ರೀ ಮಾರಾಯ್ರ, ಅಕಿ ಕೈ ನೋಡ್ರಿ," ಎಂದು ಅಕ್ಕನ ಬೆರಳುಗಳನ್ನು ತನ್ನ ಸೆರಗಿನಲ್ಲಿ ಸುತ್ತಿ ತಿಕ್ಕತೊಡಗಿದಳು. ರಾಜ ಶಿಕ್ಷೆಯ ಮಾತು ಬಿಟ್ಟ.

ಬೆಳ್ಳಿಗುಂದದಲ್ಲಿ ಆಮೇಲೆ ಯಾರೂ ಮಂಜುಗಟ್ಟಲಿಲ್ಲ, ಎಲ್ಲರೂ ಸುಖವಾಗಿ ಬಾಳಿದರು. ದುಂಡವ್ವನ ಹೊಟ್ಟೆಕಿಚ್ಚು ಹೋಯಿತೇ? ಎಲ್ಲಿ ಹೋಗುತ್ತದೆ! ಮರುವರ್ಷವೂ ಜನ ಹೂವಕ್ಕನನ್ನೇ ಕೇಳಿಕೊಂಡು ಬಂದರು. ದುಂಡವ್ವ ಸೀದಾ ಅವಳ ಮುಂದೆ ಹೋಗಿ ನಿಂತಳು.

"ಹೂವೀ, ಇವತ್ತ ನನಗ ಭಾಳ ಉರಿಯಾಕತ್ತೈತಿ ನೋಡು."

"ಹೌದನು?" ಎಂದು ಹೂವಕ್ಕ ನಕ್ಕು, ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. "ಹಂಗಾರ ಕುಂದ್ರು. ಆ ತುದಿ ನೀ ಹೊಲಿ."

ದುಂಡವ್ವ ಕೂತು ಹೊಲಿಯತೊಡಗಿದಳು.