ನಾಲ್ಕನೆಯ ಮೀನಿನ ಅಡಿಯ ಗುರುತು

ಬೆಳಗಿನ ಆರೂವರೆಗೆ ಮೀನು ಬಿತ್ತು.

ಕುವೈತಿನ ಫಿಂಟಾಸ್‌ನ ಕಡಲ ದಂಡೆಯ ಚೌಕದಲ್ಲಿ ಹಳೆಯ ಯುರೋಪಿನ ಬರೋಕ್ ಶೈಲಿಯ ಅಮೃತಶಿಲೆಯ ಕಾರಂಜಿ. ಮೈ ತಿರುಚಿ ಬಾಲ ಎತ್ತಿದ ನಾಲ್ಕು ಮೀನುಗಳು. ನಡುವೆ ದೊಡ್ಡದೊಂದು ಚಿಪ್ಪು. ಕೊನೆಯ ಮೀನು ಪೀಠದಿಂದ ಕಳಚಿ, ಕೊಳದ ಅಂಚಿಗೆ ಬಡಿದು ಎರಡು ತುಂಡಾಗಿತ್ತು. ಪಕ್ಕದಲ್ಲಿ ಪೈಪು ಹಿಡಿದು ನಿಂತಿದ್ದವನು ಉಮರ್ — ಉಪ್ಪಿನಂಗಡಿಯವನು, ಕಾರಂಜಿ ತೊಳೆಯುವ ಕೆಲಸದವನು.

ವಿಮೆ ಕಂಪನಿಯ ಸರ್ವೇಯರ್ ಸುಗಂಧಿ ರಿಗ್ಗೈಯ ಆಫೀಸಿನಿಂದ ಬಂದು ತಲುಪುವಷ್ಟರಲ್ಲಿ ಪತ್ರ ಟೈಪಾಗಿತ್ತು. ಉಮರ್ ಕೆಲಸದಿಂದ ವಜಾ, ವಾಸದ ಪರವಾನಗಿಯಾದ ಇಕಾಮಾ ರದ್ದು, ಪೊಲೀಸರಿಗೆ ದೂರು. ಮ್ಯಾನೇಜರನ ಸಹಿ ಒಂದೇ ಬಾಕಿ.

"ಇನ್ನು ಎಂತ ನೋಡ್ಲಿಕ್ಕುಂಟು ಮೇಡಂ?" ಅಂದ ಚೌಕದ ಮ್ಯಾನೇಜರ್ ಲಾಯ್ಡ್. "ಏಣಿ ಇವನದ್ದು, ಪೈಪು ಇವನದ್ದು. ಬೇರೆ ಒಬ್ಬನೂ ಇರ್ಲಿಲ್ಲ. ಖಲಾಸ್."

"ಮೇಲೆ ಹತ್ತಿದ್ಯಾ?" ಸುಗಂಧಿ ಉಮರ್‌ನನ್ನು ಕೇಳಿದಳು.

"ಇಲ್ಲ ಮೇಡಂ, ಅಲ್ಲಾಹನಾಣೆ. ಕೆಳಗಿಂದ ನೀರು ಬಿಟ್ಟದ್ದು ಮಾತ್ರ. ಅದು ತನ್ನಷ್ಟಕ್ಕೆ ಬಿದ್ದದ್ದು."

"ಮುನ್ನೂರು ವರ್ಷ ಬೀಳದ್ದು ಇವನ ಮುಖ ನೋಡಿ ಬಿತ್ತಂತೆ!" ಲಾಯ್ಡ್ ಮೂಗು ಮುರಿದ.

ಲಾಯ್ಡ್ ಕಾರಂಜಿಯ ಚರಿತ್ರೆ ಅಚ್ಚಾದ ಹೊತ್ತಗೆ ಕೊಟ್ಟ. ಇಟಲಿಯ ಸಿಸಿಲಿ ದ್ವೀಪದ ಸಣ್ಣ ಊರಿನ ಮೀನುಮಾರುಕಟ್ಟೆ. ಭೂಕಂಪದಲ್ಲಿ ಬದುಕುಳಿದವರು ಊರಿಗೆ ಮತ್ತೆ ನೀರು ಬಂದ ದಿನ ನಿಲ್ಲಿಸಿದ್ದು. ಮಾರುಕಟ್ಟೆ ಮುಚ್ಚಿತು, ಕಾರಂಜಿ ಹರಾಜಾಯಿತು, ಹಡಗೇರಿತು. ಕೊನೆಯ ಪುಟದಲ್ಲಿ ಶಿಲ್ಪಿಯ ಮುದ್ರೆಯ ಚಿತ್ರ: ಒಂದೇ ಗೆರೆಯಲ್ಲಿ ಎಳೆದ ಮೀನು. ಕುಣಿಕೆಯಂಥ ಹೊಟ್ಟೆ, ಕವಲೊಡೆದ ಬಾಲ.

ಸುಗಂಧಿ ಬಿದ್ದ ತುಂಡಿನ ಬುಡ ನೋಡಿದಳು. ಅದೇ ಗುರುತು, ಅಡ್ಡ ಮಲಗಿತ್ತು. ಸುತ್ತ ಅಂಟು. ಕಬ್ಬಿಣದ ಸರಳು ಕೂರಿಸುವ ತೂತು — ಇಲ್ಲ.

"ಈ ಮುದ್ರೆ ಕಂಡವರು ಯಾರು?"

"ನಮ್ಮ ಯಜಮಾನರೇ. ಕಳೆದ ವರ್ಷ ಮೀನುಗಳನ್ನು ಒಯ್ದು ದುರಸ್ತಿ ಮಾಡಿ ತಂದ್ರಲ್ಲ, ಇದನ್ನು ಕೂರಿಸುವಾಗ ಕಂಡು ಕೇಳಿದ್ದು. ಶಿಲ್ಪಿಯ ಮುದ್ರೆ ಅಂತ ಶ್ಯಾಮಸುಂದರ್ ಸರ್ ಹೇಳಿದ್ರು. ಪುಸ್ತಕ ಬರೆದದ್ದೂ ಅವರೇ."

"ಉಳಿದ ಮೂರರ ಅಡಿಯಲ್ಲಿ?"

"ಯಾರು ಎತ್ತಿ ನೋಡಿದ್ದಾರೆ!"

ದುರಸ್ತಿಯ ಹೊಣೆ ಹೊತ್ತ ಎಂಜಿನಿಯರ್ ಶ್ಯಾಮಸುಂದರ್ ಚೌಕದ ಎದುರಿನ ಆಫೀಸಿನಲ್ಲಿದ್ದರು.

"ಕಾಫಿ ತರಿಸ್ತೀನಿ, ನೀವು ಕುಡೀರಿ. ನನಗೆ ಇವತ್ತು ಸಂಕಷ್ಟಿ." ಗೋಡೆಯ ಮೈಸೂರು ಪಂಚಾಂಗದತ್ತ ಕಣ್ಣು ಹಾಯಿಸಿದರು. "ಚಂದ್ರೋದಯ ಊರಲ್ಲಿ ಎಂಟು ನಲವತ್ತನಾಲ್ಕು. ಇಲ್ಲಿ ಸ್ವಲ್ಪ ಆಚೀಚೆ."

"ಮೀನು ಹೇಗೆ ಬಿತ್ತು, ಸರ್?"

"ಆ ಹುಡುಗ ಜೋತಾಡಿರ್ತಾನೆ. ಚರಿತ್ರೆಯ ಬೆಲೆ ಅವರಿಗೇನು ಗೊತ್ತು?"

"ಲಾಯ್ಡ್ ಪತ್ರಕ್ಕೆ ಸಹಿ ಹಾಕೋ ಮುಂಚೆ ಒಮ್ಮೆ ಕೆಳಗೆ ಬನ್ನಿ."

ಸುಗಂಧಿ ಹೇಳಿದಂತೆ ಇಬ್ಬರು ಕೆಲಸಗಾರರು ಮೂರನೆಯ ಮೀನಿನ ಬುಡಕ್ಕೆ ಹಾರೆ ಕೊಟ್ಟರು. ಸಲೀಸಾಗಿ ಎದ್ದು ಬಂತು. ಅಲ್ಲೂ ಅಂಟು ಮಾತ್ರ. ಬುಡದಲ್ಲೊಂದು ಗುರುತು — ಮೀನಲ್ಲ, ಬೇರೇನೋ ಸುರುಳಿ.

"ಲಾಯ್ಡ್, ಮುರಿದ ತುಂಡನ್ನು ಕಾಲು ಸುತ್ತು ತಿರುಗಿಸಿ. ಬಾಲ ಮೇಲೆ ಬರಲಿ. ಈಗೇನು ಕಾಣ್ತದೆ?"

"ತಲೆಕೆಳಗಾದ ಮೀನು. ಮತ್ತೆಂತ?" ಲಾಯ್ಡ್ ಹುಟ್ಟಿ ಬೆಳೆದದ್ದೆಲ್ಲ ಕುವೈತಿನಲ್ಲೇ. ಕನ್ನಡ ಆಡುತ್ತಾನೆ, ಓದಲು ಬಾರದು.

ಹಿಂದಿನಿಂದ ಉಮರ್ ಇಣುಕಿದ. "ಇದು ನಾಲ್ಕಲ್ಲವಾ ಮೇಡಂ? ನಮ್ಮ ಶಾಲೆಯ ಮಗ್ಗಿ ಪುಸ್ತಕದ್ದು?"

"ನಾಲ್ಕೇ. ಕನ್ನಡದ ೪. ಆ ಸುರುಳಿ ೩. ಸಿಸಿಲಿಯ ಶಿಲ್ಪಿಗೆ ಕನ್ನಡ ಬರ್ತಿರಲಿಲ್ಲ. ಇವು ನಮ್ಮ ಕಡೆ ಕೆತ್ತಿಸಿದ ನಕಲು. ಯಾವುದು ಎಲ್ಲಿ ಕೂರಬೇಕು ಅಂತ ಕೆತ್ತಿದವನು ಅಂಕಿ ಹಾಕಿದ್ದಾನೆ. ಸರಳಿಲ್ಲದೆ ಬರೀ ಅಂಟಿನಲ್ಲಿ ನಿಲ್ಲಿಸಿದ್ದಾರೆ. ಒಂದು ವರ್ಷದ ಬಿಸಿಲಿಗೆ ಅಂಟು ಸೋತಿದೆ. ಉಮರ್ ಬೀಳಿಸಿದ್ದಲ್ಲ."

ಶ್ಯಾಮಸುಂದರ್ ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ದುರಸ್ತಿಗೆ ಕೊಟ್ಟ ವರ್ಕ್‌ಶಾಪಿನವರು ನನಗೂ ಟೋಪಿ ಹಾಕಿದ್ದಾರೆ! ನಾನು ಮೀನು ಅಂದ್ಕೊಂಡೆ. ಈ ಕಾಲದಲ್ಲಿ ಕನ್ನಡ ಅಂಕಿ ಯಾರಿಗೆ ನೆನಪಿರತ್ತೆ ಹೇಳಿ?"

"ನಿಮಗೆ, ಸರ್. ನಿಮ್ಮ ಪಂಚಾಂಗದಲ್ಲಿ ಇಂಗ್ಲಿಷ್ ಅಂಕಿ ಒಂದೂ ಇಲ್ಲ. ಚಂದ್ರೋದಯ ೮.೪೪ ಅಂತ ದೂರದಿಂದಲೇ ಓದಿದಿರಿ. ಅದರಲ್ಲಿ ಎರಡು ೪ ಇವೆ — ಒಂದೂ ನಿಮಗೆ ಮೀನಿನ ಹಾಗೆ ಕಾಣಲಿಲ್ಲ. ಲಾಯ್ಡ್ ಇದನ್ನು ಮೀನು ಅಂದರೆ ತಪ್ಪು. ನೀವು ಅಂದರೆ ಸುಳ್ಳು. ನಿಜವಾದವು ಎಲ್ಲಿ?"

ಶ್ಯಾಮಸುಂದರ್ ಕೊಳದ ಅಂಚಿನ ಮೇಲೆ ಕುಳಿತರು.

"ಮೀನಾ ಅಬ್ದುಲ್ಲಾ ಬಂದರಿನ ಕಡೆಯ ಗೋದಾಮಿನಲ್ಲಿ," ಅಂದರು. "ಪೆಟ್ಟಿಗೆ ಕಟ್ಟಿಟ್ಟಿದೆ. ಕೊಳ್ಳುವವರು ಇನ್ನೂ ಬಂದಿಲ್ಲ."

ಲಾಯ್ಡ್ ಜೇಬಿನಿಂದ ಪತ್ರ ತೆಗೆದು ನಾಲ್ಕು ಚೂರು ಮಾಡಿದ. ಉಮರ್‌ನ ಕಡೆ ನೋಡಲಿಲ್ಲ. ಪೊಲೀಸರಿಗೆ ಫೋನ್ ಹಚ್ಚುತ್ತ ದೂರ ನಡೆದ.

ಉಮರ್ ಪೈಪು ಸುತ್ತತೊಡಗಿದ. ಅರ್ಧಕ್ಕೆ ನಿಲ್ಲಿಸಿದ.

"ಮೇಡಂ, ಪುರಾತನದ್ದು, ಗೀರು ಬೀಳಬಾರ್ದು ಅಂತ ಒಂದು ವರ್ಷ ನಾನು ಇದಕ್ಕೆ ಬ್ರಶ್ ಮುಟ್ಟಿಸ್ಲಿಲ್ಲ. ಬರೇ ಅಂಗೈಯಲ್ಲಿ ಉಜ್ಜಿದ್ದು."