ನೂರನೇ ವರ್ಷದ ಕಣಜ

ಏನೋ ತಪ್ಪಾಗಿತ್ತು. ಏನೆಂದು ಮಾತ್ರ ಎಂ.ಎ.ಗೆ ಹೊಳೆಯುತ್ತಿರಲಿಲ್ಲ. ಭಾವನ ಹೆಣವನ್ನು ಕಣಜದಿಂದ ಎತ್ತಿದ್ದು ನಿನ್ನೆ. ಆದರೆ ಕಣ್ಣು ಮುಚ್ಚಿದರೆ ಹೆಣ ಕಾಣುತ್ತಿರಲಿಲ್ಲ, ಅದಕ್ಕೂ ಮುಂಚೆ ಕಂಡ ಮೆಕ್ಕೆಜೋಳ ಕಾಣುತ್ತಿತ್ತು. ಹಳದಿಯಾಗಿ, ಒಪ್ಪವಾಗಿ, ಹಾಸಿದ ಜಮಖಾನೆಯ ಹಾಗೆ. ಅಷ್ಟು ಅಚ್ಚುಕಟ್ಟಾದ ಕಾಳಿನ ಕೆಳಗೆ ಒಬ್ಬ ಮನುಷ್ಯ ಉಸಿರುಗಟ್ಟಿ ಸತ್ತನೇ? ಸತ್ತಿದ್ದನಲ್ಲ, ತಾನೇ ಕೈಹಿಡಿದು ಎಳೆದಿದ್ದನಲ್ಲ. ಮತ್ತೆ ಈ ಅನುಮಾನ ಯಾತರದು?

ಓದಿದ್ದು ಎಂ.ಎ., ಕೆಲಸವಿಲ್ಲ. ಆದ್ದರಿಂದ ಧಾನ್ಯ ವರ್ತಕರ ಸಂಘದ ಅಂಗಳದಲ್ಲಿ ಅವನ ಹೆಸರೇ ಎಂ.ಎ. ಸಂಘದ ಕಾರ್ಯದರ್ಶಿಯಾಗಿದ್ದ ಭಾವ ಅವನಿಗೆ ಕಚೇರಿಯ ಮಹಡಿ ಕೋಣೆಯಲ್ಲಿ ಜಾಗ ಕೊಡಿಸಿದ್ದ. ಆ ಕೋಣೆಯಲ್ಲಿ ಮೊದಲಿನಿಂದಲೂ ಬಾಡಿಗೆಗಿದ್ದವನು ಒಬ್ಬ ನಿವೃತ್ತ ಪತ್ತೇದಾರ. ರೆಪ್ಪೆ ಮಿಟುಕಿಸದೆ ನೋಡುತ್ತಾನೆಂದು ಹಮಾಲರು ಇಟ್ಟ ಹೆಸರು ಗೂಬೆ. ಎದುರಿಗೆ ಮಾತ್ರ ‘ಗೂಬೆ ಸಾಹೇಬ್ರು’.

ಅಕ್ಕ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತಳು. ಅತ್ತು ಅತ್ತು ಕಣ್ಣು ಒಣಗಿದ್ದವು.

“ಸಾಹೇಬ್ರೇ, ದಪ್ಪಣ್ಣನ್ನ ಪೊಲೀಸರು ಹಿಡ್ಕೊಂಡು ಹೋಗಿದಾರೆ. ಅವನ ಹೆಂಡ್ತಿ ನನ್ನ ಕಾಲು ಬಿಡ್ತಿಲ್ಲ. ಗಂಡ ಸತ್ತಿರೋಳು ನಾನೋ ಅವಳೋ ಅಂತ ನಂಗೇ ಗೊತ್ತಾಗ್ತಿಲ್ಲ.”

ದಪ್ಪಣ್ಣ ಹಮಾಲರ ಮುಖ್ಯಸ್ಥ. ನಿನ್ನೆ ಸಂಘದ ನೂರನೇ ವರ್ಷದ ಸನ್ಮಾನ ಸಮಾರಂಭಕ್ಕೆ ತಯಾರಿ ನಡೆದಿತ್ತು. ವೇದಿಕೆಯ ಮೇಲಿಡಲು ಒಂದು ಚೀಲ ಕಾಳು ಬೇಕೆಂದು ಅವನು ಕಣಜದ ತಳಬಾಗಿಲು ತೆರೆದಿದ್ದ. ಆಗ ಭಾವ ಮಾದರಿ ತೆಗೆಯಲು ಒಳಗಿಳಿದಿದ್ದ, ಕಾಳು ಕೆಳಕ್ಕೆ ಹರಿದು ಅವನನ್ನು ಸೆಳೆದುಕೊಂಡಿತು ಎಂದು ಅಧ್ಯಕ್ಷರು ಪೊಲೀಸರಿಗೆ ಹೇಳಿದ್ದರು. ಎಲ್ಲರೂ ತಲೆಯಾಡಿಸಿದ್ದರು.

“ಒಂದು ಚೀಲ ಕಾಳಿಗೆ ಒಂದು ಆಳು ಮುಳುಗತ್ತಾ?” ಅಕ್ಕ ಕೇಳಿದಳು.

“ಮುಳುಗಲ್ಲಮ್ಮ,” ಎಂದ ಗೂಬೆ. ಎಂ.ಎ. ಕಡೆ ತಿರುಗಿದ. “ಭಾವ ಕಾಣ್ತಿಲ್ಲ ಅಂತ ಮೊದಲು ಮೇಲೆ ಹತ್ತಿದೋನು ನೀನು. ಕಾಳು ಹೆಂಗಿತ್ತು?”

“ಹೆಂಗಿತ್ತು ಅಂದ್ರೆ? ಸಮ ಇತ್ತು.”

“ಕಾಫಿಪುಡಿ ಡಬ್ಬಿಯ ತಳಕ್ಕೆ ತೂತು ಮಾಡು. ಪುಡಿ ಸೋರಿದ್ರೆ ಮೇಲೆ ಏನಾಗತ್ತೆ?”

“ಗುಂಡಿ ಬೀಳತ್ತೆ.” ಎಂ.ಎ. ಎದ್ದು ನಿಂತ. ಒಂದು ದಿನದಿಂದ ಕಾಡುತ್ತಿದ್ದದ್ದು ಇದೇ. “ಗುಂಡಿ ಇರಲಿಲ್ಲ ಸಾಹೇಬ್ರೇ!”

“ಓದಿದ್ದು ದಂಡ ಆಗಿಲ್ಲ. ನಡಿ.”

ಕಣಜದ ಮೇಲಿನ ಅಟ್ಟಕ್ಕೆ ಕಬ್ಬಿಣದ ಏಣಿ. ಅಲ್ಲಿ ಇನ್ನೊಂದು ತೊಟ್ಟಿ, ಸನ್ನೆಕೋಲು ಎಳೆದರೆ ಅದರ ಕಾಳು ನೇರ ಕಣಜಕ್ಕೆ ಸುರಿಯುತ್ತದೆ. ನಿನ್ನೆ ಬೆಳಗ್ಗೆ ಅದು ತುಂಬಿತ್ತೆಂದು ಇಡೀ ಅಂಗಳಕ್ಕೆ ಗೊತ್ತಿತ್ತು. ಎಂ.ಎ. ಬಡಿದು ನೋಡಿದ. ಬರಿದು ತಗಡು ಢಣ್ ಎಂದಿತು. ಪಕ್ಕದ ಗೋಡೆಗೆ, ಕಾಳು ಹರಡುವ ಉದ್ದ ಹಿಡಿಯ ಹಲಗೆ ತೂಗುಬಿದ್ದಿತ್ತು.

“ಕೆಳಗಿಂದ ಹರಿದದ್ದಲ್ಲ, ಮೇಲಿಂದ ಸುರಿದದ್ದು,” ಎಂದ ಗೂಬೆ. “ತೊಡೆವರೆಗೆ ಕಾಳಲ್ಲಿ ಹೂತವನು ಕಾಲು ಕೀಳೋಕಾಗಲ್ಲ. ನಿನ್ನೆ ಇಲ್ಲಿಗೆ ಯಾರ್ಯಾರು ಹತ್ತಿದ್ರು?”

“ಹೂವಿನ ಅಲಂಕಾರ ನೋಡೋಕೆ ಅಂತ ಅಧ್ಯಕ್ಷರು ಒಂದ್ಸಲ, ಉಪಾಧ್ಯಕ್ಷ ಒಂದ್ಸಲ. ದಪ್ಪಣ್ಣ ಕೆಳಗೆ ಎಲ್ಲರ ಕಣ್ಣೆದುರೇ ಕುರ್ಚಿ ಹಾಕ್ತಿದ್ದ. ಒಬ್ಬರಿಗೂ ಕೂಗು ಕೇಳಿಲ್ವಲ್ಲ!”

“ಮೈಕಿನೋನು ಹಲೋ ಹಲೋ ಅಂತ ಪ್ರಾಣ ತಿಂತಿದ್ನಲ್ಲ. ಕೊಂದೋನಿಗೆ ಅದಕ್ಕಿಂತ ಒಳ್ಳೆ ವಾದ್ಯ ಬೇಕಾ?”

ಸನ್ಮಾನ ನಿಲ್ಲಲಿಲ್ಲ. “ಸಂಘ ಅಂದ್ರೆ ಒಬ್ಬನ ಸಾವಿಗೆ ಬಾಗಿಲು ಹಾಕೋದಲ್ಲ,” ಎಂದು ಅಧ್ಯಕ್ಷರು ಒಂದು ದಿನ ಮುಂದೆ ಹಾಕಿದ್ದರು, ಅಷ್ಟೆ. ಅತಿಥಿಗಳು ಬರುವ ಮುಂಚೆ ಗೂಬೆ ಎಲ್ಲರನ್ನೂ ವೇದಿಕೆಯ ಹಿಂದಿನ ಕೋಣೆಗೆ ಕರೆಸಿದ. ಅಕ್ಕ, ಇನ್ಸ್‌ಪೆಕ್ಟರ್, ಬೇಡಿ ಹಾಕಿದ ದಪ್ಪಣ್ಣ. ಮೇಜಿನ ಒಂದು ಕಡೆ ಬಿಳಿ ಶರಟಿನ ಮುದುಕ ಅಧ್ಯಕ್ಷರು, ಇನ್ನೊಂದು ಕಡೆ ಉಪಾಧ್ಯಕ್ಷ. ಅಪ್ಪ ಸತ್ತ ಮೇಲೆ ಗಾದಿಗೆ ಬಂದ ಹುಡುಗ, ಜೋಳವನ್ನು ಕಂಪ್ಯೂಟರಿನಲ್ಲೇ ಹೆಚ್ಚು ನೋಡಿದವನು.

“ಬೇಗ ಮುಗಿಸಿ ಸಾಹೇಬ್ರೇ,” ಎಂದರು ಅಧ್ಯಕ್ಷರು. “ಬಾಡಿಗೆ ಕೊಡೋ ಮನುಷ್ಯ ಸಭೆ ಕರೆಯೋ ಕಾಲ ಬಂತು.”

ಗೂಬೆ ಗುಂಡಿಯ ವಿಷಯ ಹೇಳಿದ. ಬರಿದಾದ ತೊಟ್ಟಿಯ ವಿಷಯ ಹೇಳಿದ. ಹೇಳುತ್ತಲೇ ಒಂದು ಚೀಲದ ಬಾಯಿ ಬಿಚ್ಚಿ ಮೆಕ್ಕೆಜೋಳವನ್ನು ಮೇಜಿನ ಮೇಲೆ ಸುರಿಯತೊಡಗಿದ. ರಾಶಿ ಚೂಪಾಗಿ ಏರಿತು.

“ಕಾರ್ಯದರ್ಶಿ ಈ ವೇದಿಕೆ ಮೇಲೆ ಒಂದು ಮಾತು ಹೇಳೋರಿದ್ರು. ಬೂಸಲು ಹಿಡಿದ ಜೋಳ ತಿಂದು ಅನಾಥಾಲಯದಲ್ಲಿ ಎರಡು ಮಕ್ಕಳು ಸತ್ತವಲ್ಲ, ಆ ಜೋಳ ನಮ್ಮ ಕಣಜದ್ದೇ ಅಂತ. ಹೌದೇನಮ್ಮ?”

“ಹೌದು. ಊಟ ಬಿಟ್ಟಿದ್ರು. ಹೇಳಿದ ಮೇಲೇ ಉಣ್ತೀನಿ ಅಂದಿದ್ರು,” ಎಂದಳು ಅಕ್ಕ.

“ಸುಳ್ಳು!” ಉಪಾಧ್ಯಕ್ಷ ಕೂಗಿದ. ಮೇಜಿನಿಂದ ಉರುಳಿದ ಕಾಳು ಬೂಟಿನ ಮೇಲೆ ಬಿದ್ದಾಗ ಕಾಲು ಹಿಂದಕ್ಕೆಳೆದುಕೊಂಡ.

“ನೂರು ವರ್ಷ ಕಟ್ಟಿದ ಹೆಸರು ಸ್ವಾಮಿ,” ಅಧ್ಯಕ್ಷರ ಧ್ವನಿ ಏರಿತು. “ಎರಡು ಅನಾಥ ಮಕ್ಕಳು ಸತ್ತರೆ ಅಳೋರು ಯಾರಿದಾರೆ? ಹೆಸರು ಸತ್ತರೆ ಇನ್ನೂರು ಮನೆ…”

ಮಾತು ಅಲ್ಲೇ ನಿಂತಿತು. ಎಲ್ಲರೂ ಅವರ ಮುಖ ಬಿಟ್ಟು ಅವರ ಕೈ ನೋಡುತ್ತಿದ್ದರು. ಬಲಗೈ ತನ್ನ ಪಾಡಿಗೆ ತಾನು ರಾಶಿಯ ತುದಿಯನ್ನು ಸವರಿ, ಕಾಳನ್ನು ಅಂಚಿಗೆ ತಳ್ಳಿ, ಮೇಜಿನುದ್ದಕ್ಕೂ ಸಮ ಮಾಡುತ್ತಿತ್ತು.

“ಮೇಲಿಂದ ಸುರಿದ ಕಾಳು ಗೋಪುರ ಆಗಬೇಕಿತ್ತು,” ಎಂದ ಗೂಬೆ ಮೆಲ್ಲಗೆ. “ಗೋಪುರ ಹಾಗೇ ಬಿಟ್ರೆ ಒಳಗೆ ಕಾವು ಹುಟ್ಟತ್ತೆ, ಕಾಳು ಕೆಡತ್ತೆ. ಸುರಿದ ತಕ್ಷಣ ಹಲಗೆ ಎಳೀಬೇಕು ಅಂತ ಈ ಸಂಘದಲ್ಲಿ ನಿಯಮ ಮಾಡಿದ್ದು ನೀವೇ. ಈ ಹುಡುಗ ಆಗಿದ್ರೆ ಸನ್ನೆ ಎಳೆದು ಓಡ್ತಿದ್ದ. ನೀವು ಆಳನ್ನ ಹೂತು, ನಿಂತು, ಕಾಳು ಕೆಡಬಾರದು ಅಂತ ಸಮ ಮಾಡಿದ್ರಿ.”

ಅಧ್ಯಕ್ಷರು ಕೈ ಹಿಂತೆಗೆದು ಅಂಗೈಯ ಧೂಳು ನೋಡಿಕೊಂಡರು. “ಒಂದೇ ಒಂದು ದಿನ ಬಾಯಿ ಮುಚ್ಕೊಂಡಿರು ಅಂದೆ. ಕೇಳಲಿಲ್ಲ.”

ಇನ್ಸ್‌ಪೆಕ್ಟರ್ ದಪ್ಪಣ್ಣನ ಬೇಡಿ ಬಿಚ್ಚಿ ಅಧ್ಯಕ್ಷರ ಕೈಗೆ ಹಾಕಿದ. ದಪ್ಪಣ್ಣ ಅಕ್ಕನ ಮುಂದೆ ಕುಕ್ಕರಿಸಿ ಮಗುವಿನ ಹಾಗೆ ಅತ್ತ. ಆ ಗದ್ದಲದಲ್ಲಿ ಅಧ್ಯಕ್ಷರು ಬಾಗಿಲಲ್ಲಿ ಎಂ.ಎ. ಪಕ್ಕ ಹಾದರು. ಒಂದು ಗಳಿಗೆ ನಿಂತು, ಆಳುಗಳ ಬಗ್ಗೆ ದೂರುವವರ ಬೇಸರದ ದನಿಯಲ್ಲಿ ಅವನೊಬ್ಬನಿಗೇ ಕೇಳುವಂತೆ ಹೇಳಿದರು: “ಸಮ ಮಾಡಿದ ಹಾಗೆಲ್ಲ ಮತ್ತೆ ಅಲ್ಲಾಡ್ತಿತ್ತು ಕಣಯ್ಯ. ಮೂರು ಸಲ ಹಲಗೆ ಎಳೀಬೇಕಾಯ್ತು.”

ಹೊರಗೆ ಅತಿಥಿಗಳ ಕಾರುಗಳು ಬರತೊಡಗಿದ್ದವು. ಅವರಿಗೆ ಏನು ಹೇಳುವುದೆಂದು ಯಾರಿಗೂ ತಿಳಿಯಲಿಲ್ಲ. ಅಕ್ಕ ತಮ್ಮನ ತೋಳು ಹಿಡಿದಳು.

“ಅಷ್ಟು ಕಾಳು ಒಟ್ಟಿಗೆ ಬಿದ್ರೆ ಜೀವ ತಕ್ಷಣ ಹೋಗಿರತ್ತೆ, ಅಲ್ವೇನೋ? ಅವರಿಗೆ ಗೊತ್ತೇ ಆಗಿರಲ್ಲ, ಅಲ್ವಾ?”

“ಗೊತ್ತಾಗಿರಲ್ಲ ಅಕ್ಕ.”

ಆಮೇಲೆ ಎಷ್ಟೋ ವರ್ಷ ಅಕ್ಕ ಅದೇ ಪ್ರಶ್ನೆ ಕೇಳಿದಳು, ಅವನು ಅದೇ ಉತ್ತರ ಕೊಟ್ಟ. ಹಲಗೆಯ ಕೆಳಗೆ ಕಾಳು ಅಲ್ಲಾಡುತ್ತಿತ್ತೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.